ಜಾರ್ಜ್ ಮಾಲರಿ

ಜಾರ್ಜ್ ಹರ್ಬರ್ಟ್ ಲೀ ಮಾಲರಿ (18 ಜೂನ್ 1886 – 8 ಅಥವಾ 9 ಜೂನ್ 1924) ಇಂಗ್ಲೆಂಡಿನ ಪರ್ವತಾರೋಹಿ ಮತ್ತು ಶಾಲಾ ಶಿಕ್ಷಕ. 1921, 1922 ಮತ್ತು 1924ರಲ್ಲಿ ಮೌಂಟ್ ಎವರೆಸ್ಟ್‌ಗೆ ತೆರಳಿದ ಮೊದಲ ಮೂರು ಬ್ರಿಟಿಷ್ ಪರ್ವತಯಾತ್ರೆಗಳಲ್ಲಿಯೂ ಪಾಲ್ಗೊಂಡ ಏಕೈಕ ಬ್ರಿಟಿಷ್ ಆರೋಹಿ ಇವರು. ಮೂರನೆಯ ಯಾತ್ರೆಯಲ್ಲಿ, 1924ರ ಜೂನ್ 8ರಂದು, ಆಂಡ್ರ್ಯೂ ಅರ್ವಿನ್ ಎಂಬ ಯುವ ಸಂಗಾತಿಯೊಂದಿಗೆ ಶಿಖರದತ್ತ ಹೊರಟ ಮಾಲರಿ ಹಿಂದಿರುಗಲಿಲ್ಲ. ಅವರ ದೇಹವು 75 ವರ್ಷಗಳ ನಂತರ, 1999ರಲ್ಲಿ, ಎವರೆಸ್ಟ್‌ನ ಉತ್ತರ ಮುಖದಲ್ಲಿ ಪತ್ತೆಯಾಯಿತು. ಇಬ್ಬರೂ ಶಿಖರವನ್ನು ಮುಟ್ಟಿದ್ದರೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ದೊರೆತಿಲ್ಲ.

ಮಾಲರಿಯವರ ಹೆಸರು ಸಾಮಾನ್ಯವಾಗಿ ಅವರ ಕೊನೆಯ ಆರೋಹಣದೊಂದಿಗೆ ಜೋಡಿಸಲ್ಪಡುತ್ತದೆ. ಆದರೆ ಎವರೆಸ್ಟ್‌ನಲ್ಲಿ ಅವರು ಕಳೆದ ದಿನಗಳಲ್ಲಿ ಏರಿದ ದಿನಗಳಿಗಿಂತ ಕಾದ ದಿನಗಳೇ ಹೆಚ್ಚು. ಮುಂಗಾರಿನ ಮೋಡ ತಿಳಿಯಾಗಲೆಂದು, ಗಾಳಿ ಇಳಿಯಲೆಂದು, ಹೊಸದಾಗಿ ಬಿದ್ದ ಹಿಮ ಗಟ್ಟಿಯಾಗಲೆಂದು ಮೂರೂ ಯಾತ್ರೆಗಳಲ್ಲಿ ತಂಡವು ಡೇರೆಗಳಲ್ಲಿ ದಿನಗಟ್ಟಲೆ ಕುಳಿತಿತ್ತು. ಎಷ್ಟು ದಿನ ಕಾಯಬೇಕು, ಯಾವಾಗ ಹೊರಡಬೇಕು ಎಂಬ ನಿರ್ಧಾರಗಳೇ ಆ ಯಾತ್ರೆಗಳ ಫಲಿತಾಂಶವನ್ನೂ ಹಲವರ ಪ್ರಾಣವನ್ನೂ ನಿರ್ಣಯಿಸಿದವು.

ಆರಂಭಿಕ ಜೀವನ

ಮಾಲರಿ ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಮಾಬರ್ಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹರ್ಬರ್ಟ್ ಲೀ ಮಾಲರಿ ಅಲ್ಲಿನ ಚರ್ಚಿನ ಪಾದ್ರಿಯಾಗಿದ್ದರು, ತಾಯಿ ಆನಿ. ಇಬ್ಬರು ಸಹೋದರಿಯರು ಮತ್ತು ಒಬ್ಬ ತಮ್ಮನೊಂದಿಗೆ ಬೆಳೆದ ಮಾಲರಿ ಬಾಲ್ಯದಿಂದಲೇ ಮರ, ಗೋಡೆ ಹಾಗೂ ಚರ್ಚಿನ ಛಾವಣಿಯನ್ನು ಹತ್ತುವುದರಲ್ಲಿ ಹೆಸರಾಗಿದ್ದರು. ತಮ್ಮ ಟ್ರ್ಯಾಫರ್ಡ್ ಲೀ-ಮಾಲರಿ ಮುಂದೆ ಬ್ರಿಟನ್ನಿನ ವಾಯುಪಡೆಯಲ್ಲಿ ಉನ್ನತಾಧಿಕಾರಿಯಾದರು.

1900ರಲ್ಲಿ ಗಣಿತದ ವಿದ್ಯಾರ್ಥಿವೇತನ ಪಡೆದು ಮಾಲರಿ ವಿಂಚೆಸ್ಟರ್ ಕಾಲೇಜನ್ನು ಸೇರಿದರು. ಅಲ್ಲಿನ ಶಿಕ್ಷಕ ಗ್ರಹಾಂ ಅರ್ವಿಂಗ್ 1904ರ ಬೇಸಿಗೆಯಲ್ಲಿ ಅವರನ್ನು ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ದರು. ಮೊದಲ ಪ್ರಯತ್ನವಾದ ಮಾಂಟ್ ವೆಲಾನ್ ಶಿಖರದಲ್ಲಿ ಎತ್ತರದಿಂದ ಬರುವ ಅಸ್ವಸ್ಥತೆಯ ಕಾರಣ ಮಾಲರಿ ಮತ್ತು ಅವರ ಸಹಪಾಠಿ ತುದಿಗೆ ತಲುಪುವ ಮೊದಲೇ ಹಿಂದಿರುಗಬೇಕಾಯಿತು. ಆದರೂ ಪರ್ವತಾರೋಹಣದ ಆಸಕ್ತಿ ಅಲ್ಲಿಂದ ಮುಂದೆ ಅವರನ್ನು ಬಿಡಲಿಲ್ಲ.

1905ರಲ್ಲಿ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಯನಕ್ಕೆ ಸೇರಿದ ಅವರು, ದೋಣಿ ಸ್ಪರ್ಧೆಯಲ್ಲಿಯೂ ಚರ್ಚಾಕೂಟಗಳಲ್ಲಿಯೂ ತೊಡಗಿಕೊಂಡರು. ಕವಿ ರೂಪರ್ಟ್ ಬ್ರೂಕ್, ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್, ಲೇಖಕ ಲಿಟನ್ ಸ್ಟ್ರೇಚಿ ಮತ್ತು ಚಿತ್ರಕಾರ ಡಂಕನ್ ಗ್ರಾಂಟ್ ಅವರ ಪರಿಚಯವಲಯದಲ್ಲಿದ್ದರು. ಜೇಮ್ಸ್ ಬಾಸ್ವೆಲ್‌ನ ಕುರಿತು ಅವರು ಬರೆದ ಪ್ರಬಂಧವು 1912ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. 1909ರಲ್ಲಿ ಪರಿಚಯವಾದ ಹಿರಿಯ ಆರೋಹಿ ಜೆಫ್ರಿ ವಿಂಥ್ರೊಪ್ ಯಂಗ್ ಅವರು ವೇಲ್ಸ್‌ನ ಬಂಡೆಗಳಲ್ಲಿಯೂ ಆಲ್ಪ್ಸ್‌ನಲ್ಲಿಯೂ ಮಾಲರಿಯವರಿಗೆ ಮಾರ್ಗದರ್ಶಕರಾದರು.

ವೃತ್ತಿ, ವಿವಾಹ ಮತ್ತು ಯುದ್ಧಸೇವೆ

1910ರಲ್ಲಿ ಮಾಲರಿ ಗೊಡಾಲ್ಮಿಂಗ್ ಪಟ್ಟಣದ ಚಾರ್ಟರ್‌ಹೌಸ್ ಶಾಲೆಯಲ್ಲಿ ಶಿಕ್ಷಕರಾದರು. ಮುಂದೆ ಕವಿಯಾಗಿ ಖ್ಯಾತರಾದ ರಾಬರ್ಟ್ ಗ್ರೇವ್ಸ್ ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದರು. ವಾಸ್ತುಶಿಲ್ಪಿ ಹ್ಯೂ ಥ್ಯಾಕರೆ ಟರ್ನರ್ ಅವರ ಮಗಳು ರೂತ್ ಟರ್ನರ್ ಅವರನ್ನು ಮಾಲರಿ 1914ರ ಜುಲೈ 29ರಂದು ವಿವಾಹವಾದರು. ಬ್ರಿಟನ್ ಮೊದಲ ಮಹಾಯುದ್ಧಕ್ಕೆ ಇಳಿದದ್ದು ಅದಾದ ಆರು ದಿನಗಳಲ್ಲಿ. ದಂಪತಿಗಳಿಗೆ ಕ್ಲೇರ್ (1915), ಬೆರಿಜ್ (1917) ಎಂಬ ಇಬ್ಬರು ಹೆಣ್ಣುಮಕ್ಕಳೂ ಜಾನ್ (1920) ಎಂಬ ಮಗನೂ ಜನಿಸಿದರು.

1915ರ ಕೊನೆಯಲ್ಲಿ ಮಾಲರಿ ಫಿರಂಗಿದಳದ ಅಧಿಕಾರಿಯಾಗಿ ಸೇನೆಗೆ ಸೇರಿದರು. 1916ರ ಸೋಮ್ ಕದನದಲ್ಲಿ ಪಾಲ್ಗೊಂಡರು. 1909ರಲ್ಲಿ ಬಂಡೆಯಿಂದ ಬಿದ್ದಾಗ ಆಗಿದ್ದ ಕಾಲಿನ ಗಾಯ ಮರುಕಳಿಸಿದ ಕಾರಣ 1917ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಯುದ್ಧಾನಂತರ ಚಾರ್ಟರ್‌ಹೌಸ್‌ಗೆ ಹಿಂದಿರುಗಿದರೂ, 1921ರಲ್ಲಿ ಎವರೆಸ್ಟ್ ಯಾತ್ರೆಯ ಆಹ್ವಾನ ಬಂದಾಗ ಶಿಕ್ಷಕ ಹುದ್ದೆಗೆ ರಾಜೀನಾಮೆ ನೀಡಿದರು.

ಎವರೆಸ್ಟ್‌ನ ಹವಾಮಾನ

ಮಾಲರಿಯವರ ಯಾತ್ರೆಗಳನ್ನು ಅರಿಯಲು ಎವರೆಸ್ಟ್‌ನ ಋತುಮಾನವನ್ನು ತಿಳಿದಿರುವುದು ಅಗತ್ಯ. ಚಳಿಗಾಲದಲ್ಲಿ ಮತ್ತು ವಸಂತದ ಆರಂಭದಲ್ಲಿ ಶಿಖರದ ಎತ್ತರದಲ್ಲಿ ಪಶ್ಚಿಮದಿಂದ ಪ್ರಬಲವಾದ ಗಾಳಿ ಬೀಸುತ್ತಿರುತ್ತದೆ. ಮೇ ತಿಂಗಳಲ್ಲಿ ಈ ಗಾಳಿ ಕ್ರಮೇಣ ಉತ್ತರಕ್ಕೆ ಸರಿಯುತ್ತದೆ. ಜೂನ್‌ನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮುಂಗಾರು ತಲುಪಿ ಇಳಿಜಾರುಗಳ ಮೇಲೆ ಆಳವಾದ ಹೊಸ ಹಿಮವನ್ನು ಸುರಿಯುತ್ತದೆ. ಗಾಳಿ ಇಳಿದು ಮುಂಗಾರು ಬರುವ ನಡುವಿನ ಕೆಲವೇ ದಿನಗಳು ಆರೋಹಣಕ್ಕೆ ಅನುಕೂಲವಾದವು. ಮುಂಗಾರು ಮುಗಿದ ಮೇಲೆ ಇನ್ನೊಂದು ಚಿಕ್ಕ ಅವಧಿ ಸಿಗುವುದಾದರೂ, ಆಗ ಚಳಿಯೂ ಗಾಳಿಯೂ ಬೇಗನೆ ಹೆಚ್ಚುತ್ತವೆ.

ಕಾಯುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಶಿಖರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಒತ್ತಡದ ಸುಮಾರು ಮೂರನೆಯ ಒಂದರಷ್ಟು ಮಾತ್ರ. 7,000 ಮೀಟರ್‌ಗಿಂತ ಮೇಲೆ ದೇಹವು ವಿಶ್ರಾಂತಿಯಲ್ಲಿದ್ದರೂ ಚೇತರಿಸಿಕೊಳ್ಳುವುದು ಕಷ್ಟ. ಹಸಿವು ಇಂಗುತ್ತದೆ, ನಿದ್ರೆ ಹತ್ತುವುದಿಲ್ಲ, ತೂಕ ಇಳಿಯುತ್ತದೆ. ಕುಡಿಯುವ ಪ್ರತಿ ಲೋಟ ನೀರಿಗೂ ಒಲೆಯ ಮೇಲೆ ಹಿಮವನ್ನು ಕರಗಿಸಬೇಕಾದ್ದರಿಂದ ಕಾಯುವ ಪ್ರತಿ ದಿನವೂ ಇಂಧನವನ್ನು ಕರಗಿಸುತ್ತದೆ. ಆದ್ದರಿಂದ ಕೆಟ್ಟ ಹವೆಯಲ್ಲಿ ಮೇಲಿನ ಶಿಬಿರದಲ್ಲಿಯೇ ಉಳಿಯುವುದೋ, ಏರಿದ ಎತ್ತರವನ್ನೆಲ್ಲ ಬಿಟ್ಟು ಕೆಳಗಿಳಿಯುವುದೋ ಎಂಬುದು ಪ್ರತಿ ತಂಡದ ಮುಂದಿರುವ ಕಠಿಣ ಪ್ರಶ್ನೆ. 1920ರ ದಶಕದಲ್ಲಿ ಇದನ್ನು ನಿರ್ಧರಿಸಲು ತಂಡಗಳಿಗಿದ್ದ ಸಾಧನಗಳು ವಾಯುಭಾರಮಾಪಕ, ಉಷ್ಣತಾಮಾಪಕ ಮತ್ತು ಆಕಾಶದ ವೀಕ್ಷಣೆ ಇಷ್ಟೇ.

1921ರ ಪರಿಶೋಧನಾ ಯಾತ್ರೆ

ನೇಪಾಳವು ಅಂದು ವಿದೇಶಿಯರಿಗೆ ಮುಚ್ಚಿದ್ದ ಕಾರಣ ಬ್ರಿಟಿಷ್ ತಂಡಗಳು ಡಾರ್ಜಿಲಿಂಗ್‌ನಿಂದ ಹೊರಟು, ಸಿಕ್ಕಿಂ ದಾಟಿ, ಟಿಬೆಟ್‌ನ ಮೂಲಕ ಎವರೆಸ್ಟ್‌ನ ಉತ್ತರ ಭಾಗವನ್ನು ತಲುಪುತ್ತಿದ್ದವು. 1921ರ ಯಾತ್ರೆಗೆ ಚಾರ್ಲ್ಸ್ ಹೊವಾರ್ಡ್-ಬ್ಯೂರಿ ನಾಯಕರಾಗಿದ್ದರು. ಪರ್ವತದ ಬುಡವನ್ನು ಹುಡುಕಿ, ನಕ್ಷೆ ತಯಾರಿಸಿ, ಏರಬಹುದಾದ ದಾರಿಯನ್ನು ಗುರುತಿಸುವುದು ಯಾತ್ರೆಯ ಉದ್ದೇಶವಾಗಿತ್ತು. ಎತ್ತರದ ಪರಿಣಾಮಗಳ ಬಗ್ಗೆ ಅಪಾರ ಅನುಭವವಿದ್ದ ವಿಜ್ಞಾನಿ ಅಲೆಕ್ಸಾಂಡರ್ ಕೆಲ್ಲಾಸ್ ದಾರಿಯಲ್ಲೇ, ಕಂಪಾ ಜಾಂಗ್ ಸಮೀಪ ತೀರಿಕೊಂಡರು. ಇದರಿಂದ ಆರೋಹಣದ ಹೊಣೆ ಬಹುಪಾಲು ಮಾಲರಿ ಮತ್ತು ಅವರ ವಿಂಚೆಸ್ಟರ್ ಗೆಳೆಯ ಗೈ ಬುಲಕ್ ಅವರ ಮೇಲೆ ಬಿದ್ದಿತು.

ಜೂನ್ ಕೊನೆಯಲ್ಲಿ ರೋಂಗ್‌ಬುಕ್ ಕಣಿವೆಯನ್ನು ತಲುಪಿದ ಇಬ್ಬರೂ ಜುಲೈ ತಿಂಗಳ ಬಹುಭಾಗ ಮುಂಗಾರಿನ ಮೋಡಗಳ ನಡುವೆ ಹಿಮನದಿಗಳನ್ನು ಸುತ್ತಾಡಿದರು. ಅಲ್ಲಿ ತೆಗೆದ ಅನೇಕ ಛಾಯಾಚಿತ್ರಗಳು ಹಾಳಾದವು. ಮಾಲರಿ ಕ್ಯಾಮರಾದೊಳಗೆ ಫಲಕಗಳನ್ನು ಹಿಂದುಮುಂದಾಗಿ ಇರಿಸಿದ್ದರು. ಅವುಗಳನ್ನು ಮತ್ತೆ ತೆಗೆಯಲು ಬೆಲೆಯುಳ್ಳ ದಿನಗಳು ವ್ಯಯವಾದವು. ಪರ್ವತಕ್ಕೆ ದಾರಿ ತೋರುವ ಪೂರ್ವ ರೋಂಗ್‌ಬುಕ್ ಹಿಮನದಿಯ ಕಿರಿದಾದ ಬಾಯಿಯನ್ನು ಅವರು ಗಮನಿಸದೆ ಮುಂದೆ ಹೋಗಿದ್ದರು. ಅದನ್ನು ಗುರುತಿಸಿದವರು ಭಾರತೀಯ ಸರ್ವೇಕ್ಷಣಾ ಇಲಾಖೆಯ ಆಲಿವರ್ ವೀಲರ್.

ಜುಲೈ ಕೊನೆಯಲ್ಲಿ ತಂಡವು ಪೂರ್ವದ ಖಾರ್ತಾ ಕಣಿವೆಗೆ ನೆಲೆ ಬದಲಿಸಿತು. ಲಾಕ್ಪಾ ಲಾ ಎಂಬ ಎತ್ತರದ ಕಣಿವೆದಾರಿಯಿಂದ ನಾರ್ತ್ ಕೋಲ್‌ಗೆ ದಾರಿಯಿರುವುದು ಅಲ್ಲಿಂದ ಕಂಡಿತು. ನಾರ್ತ್ ಕೋಲ್ ಎಂಬುದು ಎವರೆಸ್ಟ್ ಮತ್ತು ಅದರ ಉತ್ತರಕ್ಕಿರುವ ಚಾಂಗ್‌ಟ್ಸೆ ಶಿಖರದ ನಡುವೆ, ಸುಮಾರು 7,000 ಮೀಟರ್ ಎತ್ತರದಲ್ಲಿರುವ ತಗ್ಗು. ದಾರಿ ಕಂಡರೂ ಮೇಲೆ ಹೋಗುವಂತಿರಲಿಲ್ಲ. ಮುಂಗಾರು ತೊಲಗಲೆಂದು ತಂಡವು ಸೆಪ್ಟೆಂಬರ್‌ನ ಬಹುಭಾಗ ಸುಮಾರು 5,300 ಮೀಟರ್ ಎತ್ತರದ ಶಿಬಿರದಲ್ಲಿ ಕಾದು ಕುಳಿತಿತು. ಪ್ರತಿದಿನವೂ ಹಿಮ ಬೀಳುತ್ತಿತ್ತು. ಆರೋಹಿಗಳ ದೇಹಬಲ ಕುಂದುತ್ತಾ ಬಂದಿತು.

ಸೆಪ್ಟೆಂಬರ್ 20ರ ಸುಮಾರಿಗೆ ಆಕಾಶ ತಿಳಿಯಾದಾಗ ತಂಡ ಮುಂದುವರಿಯಿತು. ಸೆಪ್ಟೆಂಬರ್ 24ರಂದು ಮಾಲರಿ, ಬುಲಕ್, ವೀಲರ್ ಮತ್ತು ಮೂವರು ಹೊರೆಯಾಳುಗಳು ನಾರ್ತ್ ಕೋಲ್ ತಲುಪಿದರು. ಮೋಡ ಸರಿದಿತ್ತಾದರೂ ಅದರ ಸ್ಥಾನದಲ್ಲಿ ಬಿರುಗಾಳಿ ಬಂದಿತ್ತು. ಅಂಚಿನ ಆಚೆಗೆ ನಿಲ್ಲಲೂ ಸಾಧ್ಯವಾಗದ ಸ್ಥಿತಿಯಲ್ಲಿ ಅವರು ಹಿಂದಿರುಗಿದರು. ಶಿಖರಕ್ಕೆ ಸಾಗುವ ಉತ್ತರದ ಏಣು ಏರಲು ಯೋಗ್ಯವಾಗಿದೆ ಎಂಬುದು ಮಾತ್ರ ಖಚಿತವಾಯಿತು.

1922ರ ಯಾತ್ರೆ

ಎರಡನೆಯ ಯಾತ್ರೆಗೆ ಬ್ರಿಗೇಡಿಯರ್ ಜನರಲ್ ಚಾರ್ಲ್ಸ್ ಬ್ರೂಸ್ ನಾಯಕರು. ಹಿಂದಿನ ವರ್ಷದ ಅನುಭವದಿಂದ ಪಾಠ ಕಲಿತು, ಮುಂಗಾರಿಗೆ ಮುನ್ನವೇ ಶಿಖರವನ್ನು ಪ್ರಯತ್ನಿಸಲು ತಂಡವು ಮೇ ಆರಂಭದಲ್ಲಿ ಮೂಲಶಿಬಿರವನ್ನು ಸ್ಥಾಪಿಸಿತು.

ಮೇ 21ರಂದು ಮಾಲರಿ, ಎಡ್ವರ್ಡ್ ನಾರ್ಟನ್ ಮತ್ತು ಹೊವಾರ್ಡ್ ಸೋಮರ್ವೆಲ್ ಕೃತಕ ಆಮ್ಲಜನಕವಿಲ್ಲದೆ ಸುಮಾರು 8,225 ಮೀಟರ್ ಎತ್ತರವನ್ನು ತಲುಪಿದರು. ಅದುವರೆಗೆ ಮನುಷ್ಯರು ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಅಸ್ವಸ್ಥರಾಗಿ ಡೇರೆಯಲ್ಲಿ ಉಳಿದಿದ್ದ ಹೆನ್ರಿ ಮೋರ್ಸ್‌ಹೆಡ್ ಅವರನ್ನು ಕೂಡಿಕೊಂಡು ಇಳಿಯುವಾಗ ಒಬ್ಬರು ಜಾರಿ, ಒಂದೇ ಹಗ್ಗದಲ್ಲಿದ್ದ ಮೂವರು ಇಳಿಜಾರಿನಲ್ಲಿ ಉರುಳತೊಡಗಿದರು. ಮುಂದಿದ್ದ ಮಾಲರಿ ಹಿಮಗೊಡಲಿಯನ್ನು ನೆಲಕ್ಕೆ ನೆಟ್ಟು, ಹಗ್ಗವನ್ನು ಅದಕ್ಕೆ ಸುತ್ತಿ ಮೂವರನ್ನೂ ತಡೆದು ನಿಲ್ಲಿಸಿದರು. ರಾತ್ರಿ ನಾರ್ತ್ ಕೋಲ್ ಶಿಬಿರಕ್ಕೆ ಬಂದಾಗ ಅಡುಗೆಯ ಪಾತ್ರೆಗಳು ಅಲ್ಲಿರಲಿಲ್ಲ. ನೀರು ಕಾಯಿಸಲಾಗದೆ, ಹಣ್ಣಿನ ಜಾಮ್ ಹಾಗೂ ಗಟ್ಟಿಹಾಲನ್ನು ಹಿಮದೊಂದಿಗೆ ಕಲಸಿ ತಿಂದು ಅವರು ಬಾಯಾರಿಕೆಯನ್ನು ತಡೆದರು.

ಕೆಲವು ದಿನಗಳ ನಂತರ ಜಾರ್ಜ್ ಫಿಂಚ್, ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಸೈನಿಕ ತೇಜ್‌ಬೀರ್ ಬುರಾ ಆಮ್ಲಜನಕದ ಸಲಕರಣೆಯೊಂದಿಗೆ ಹೊರಟರು. ಸುಮಾರು 7,770 ಮೀಟರ್ ಎತ್ತರದಲ್ಲಿ ಬಿರುಗಾಳಿ ಅವರನ್ನು ಒಂದೇ ಡೇರೆಯಲ್ಲಿ ಕಟ್ಟಿಹಾಕಿತು. ಡೇರೆ ಹಾರಿಹೋಗದಂತೆ ಮೂವರೂ ರಾತ್ರಿಯಿಡೀ ಅದನ್ನು ಹಿಡಿದು ಕುಳಿತರು. ಮರುದಿನ ಮಧ್ಯಾಹ್ನ ಗಾಳಿ ತಗ್ಗಿದರೂ ಇಳಿಯದೆ ಇನ್ನೊಂದು ರಾತ್ರಿ ಅಲ್ಲಿಯೇ ಕಾಯಲು ನಿರ್ಧರಿಸಿದರು. ಸಂಜೆ ಕೆಳಗಿನ ಶಿಬಿರದಿಂದ ಹೊರೆಯಾಳುಗಳು ಬಿಸಿ ಪಾನೀಯಗಳನ್ನು ಹೊತ್ತು ತಂದರು. ಆ ರಾತ್ರಿ ಚಳಿ ಮತ್ತು ಬಳಲಿಕೆ ಮಿತಿಮೀರಿದಾಗ ಫಿಂಚ್ ಎಲ್ಲರೂ ಆಮ್ಲಜನಕವನ್ನು ಉಸಿರಾಡುವಂತೆ ಏರ್ಪಡಿಸಿದರು. ಮೇ 27ರಂದು ಫಿಂಚ್ ಮತ್ತು ಬ್ರೂಸ್ ಸುಮಾರು 8,320 ಮೀಟರ್ ತಲುಪಿ ಮಾಲರಿಯವರ ದಾಖಲೆಯನ್ನು ಮೀರಿದರು. ಆಮ್ಲಜನಕದ ಬಳಕೆಯನ್ನು ಸಂದೇಹದಿಂದ ಕಾಣುತ್ತಿದ್ದ ಮಾಲರಿಯವರ ನಿಲುವು ಬದಲಾಗಲು ಈ ಆರೋಹಣವೂ ಕಾರಣವಾಯಿತು.

ಜೂನ್ 7ರ ಹಿಮಕುಸಿತ

ಜೂನ್ ಆರಂಭದಲ್ಲಿ ಮೂರನೆಯ ಪ್ರಯತ್ನಕ್ಕೆ ತಂಡ ಹೊರಟಾಗ ಮುಂಗಾರಿನ ಲಕ್ಷಣಗಳು ಕಾಣಿಸಿಕೊಂಡಿದ್ದವು. ಭಾರೀ ಹಿಮಪಾತದಿಂದ ಮಾರ್ಗಮಧ್ಯೆ ನಿಲ್ಲಬೇಕಾಯಿತು. ಜೂನ್ 5ರಂದು ನಾರ್ತ್ ಕೋಲ್‌ನ ಬುಡದಲ್ಲಿರುವ ಮೂರನೆಯ ಶಿಬಿರವನ್ನು ತಲುಪಿದರು. ಜೂನ್ 6ರಂದು ಬಿಸಿಲು ಬಂದಿತು. ಬಿಸಿಲಿನಿಂದ ಹೊಸ ಹಿಮ ಕುಸಿದು ಗಟ್ಟಿಯಾಗುವುದೆಂದು ಭಾವಿಸಿ ಒಂದು ದಿನ ಮಾತ್ರ ಕಾದು, ಜೂನ್ 7ರಂದು ಮಾಲರಿ, ಸೋಮರ್ವೆಲ್, ಕಾಲಿನ್ ಕ್ರಾಫರ್ಡ್ ಮತ್ತು ಹದಿನಾಲ್ಕು ಹೊರೆಯಾಳುಗಳು ನಾಲ್ಕು ಹಗ್ಗಗಳಲ್ಲಿ ಕಟ್ಟಿಕೊಂಡು ಇಳಿಜಾರನ್ನು ಏರತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ನಾರ್ತ್ ಕೋಲ್‌ಗೆ ಸುಮಾರು 200 ಮೀಟರ್ ಕೆಳಗೆ ಇಳಿಜಾರಿನ ಹಿಮವೇ ಕಳಚಿ ಜಾರಿತು. ಮುಂದಿದ್ದ ಎರಡು ಹಗ್ಗಗಳವರು ಹಿಮದಿಂದ ಹೊರಬಂದರು. ಹಿಂದಿದ್ದ ಒಂಬತ್ತು ಹೊರೆಯಾಳುಗಳು ಹಿಮದ ಕಡಿದಾದ ಅಂಚಿನಿಂದ ಕೆಳಗಿನ ಬಿರುಕಿಗೆ ಬಿದ್ದರು. ಇಬ್ಬರನ್ನು ಅಗೆದು ಉಳಿಸಲಾಯಿತು. ಏಳು ಮಂದಿ ಮೃತಪಟ್ಟರು. ಬದುಕುಳಿದವರ ಇಚ್ಛೆಯಂತೆ ಮೃತರ ದೇಹಗಳನ್ನು ಅಲ್ಲಿಯೇ ಬಿಡಲಾಯಿತು. ಬ್ರಿಟಿಷ್ ಸದಸ್ಯರಲ್ಲಿ ಯಾರಿಗೂ ಹಾನಿಯಾಗಲಿಲ್ಲ ಎಂಬುದು ಸೋಮರ್ವೆಲ್ ಮತ್ತು ಮಾಲರಿ ಇಬ್ಬರನ್ನೂ ಕಾಡಿತು.

ಹೊಸ ಹಿಮವು ಬಿಸಿಲಿನಲ್ಲಿ ಮೇಲ್ಪದರದಲ್ಲಿ ಗಟ್ಟಿಯಾದಂತೆ ಕಂಡರೂ ಅಡಿಯಲ್ಲಿ ಹಳೆಯ ಪದರಕ್ಕೆ ಅಂಟಿಕೊಳ್ಳಲು ಹೆಚ್ಚು ಸಮಯ ಬೇಕಾಗಬಹುದು. ಆಲ್ಪ್ಸ್‌ನ ಅನುಭವದ ಅಳತೆಗೋಲು ಹಿಮಾಲಯದಲ್ಲಿ ಸಾಲದು ಎಂಬುದನ್ನು ಈ ದುರಂತ ತೋರಿಸಿತು. ಕಾಯದೆ ಹೊರಟ ನಿರ್ಧಾರಕ್ಕಾಗಿ ಯಾತ್ರೆಯ ಇತರ ಸದಸ್ಯರಿಂದಲೂ ಇಂಗ್ಲೆಂಡಿನ ಹಿರಿಯ ಆರೋಹಿಗಳಿಂದಲೂ ಮಾಲರಿ ಟೀಕೆ ಎದುರಿಸಿದರು. ಪತ್ನಿಗೂ ಗೆಳೆಯರಿಗೂ ಬರೆದ ಪತ್ರಗಳಲ್ಲಿ ಅವರು ಹೊಣೆಯನ್ನು ತಮ್ಮ ಮೇಲೆಯೇ ಹೊತ್ತುಕೊಂಡರು. ತಮ್ಮನ್ನು ನಂಬಿ ಬಂದವರ ಸಾವಿಗೆ ತಮ್ಮ ಅಜ್ಞಾನವೇ ಕಾರಣವೆಂದು ನೊಂದರು.

1922ರ ಯಾತ್ರೆಯ ಸಾಧನೆಗಾಗಿ 1924ರ ಆರಂಭದಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಚಳಿಗಾಲದ ಕ್ರೀಡಾಕೂಟದಲ್ಲಿ ತಂಡಕ್ಕೆ ಪರ್ವತಾರೋಹಣದ ಒಲಿಂಪಿಕ್ ಪದಕಗಳನ್ನು ನೀಡಲಾಯಿತು.

ಉಪನ್ಯಾಸ ಪ್ರವಾಸ

1923ರಲ್ಲಿ ಮಾಲರಿ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸ ಕೈಗೊಂಡರು. ಎವರೆಸ್ಟನ್ನು ಏಕೆ ಏರಬೇಕೆಂಬ ಪತ್ರಕರ್ತರ ಪ್ರಶ್ನೆಗೆ, ಪರ್ವತವು ಇದೆ ಎಂಬುದೇ ಸಾಕಾದ ಕಾರಣವೆಂಬ ಅರ್ಥದ ಚಿಕ್ಕ ಉತ್ತರವನ್ನು ಅವರು ನೀಡಿದರೆಂದು ಪತ್ರಿಕೆಯೊಂದು ವರದಿ ಮಾಡಿತು. ಆ ಉತ್ತರ ಮುಂದೆ ಜಗತ್ಪ್ರಸಿದ್ಧವಾಯಿತು. ಅದರ ಪದಗಳು ಮಾಲರಿಯವರವೋ ವರದಿಗಾರನವೋ ಎಂಬ ಬಗ್ಗೆ ಚರ್ಚೆಯಿದೆ. ಅದೇ ವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯದ ಬಾಹ್ಯ ಶಿಕ್ಷಣ ವಿಭಾಗದಲ್ಲಿ ಅವರಿಗೆ ಉಪನ್ಯಾಸಕ ಹುದ್ದೆ ದೊರೆತು, ಕುಟುಂಬವು ಕೇಂಬ್ರಿಜ್‌ಗೆ ಸ್ಥಳಾಂತರಗೊಂಡಿತು. ಮೂರನೆಯ ಯಾತ್ರೆಗೆ ಹೋಗುವ ಬಗ್ಗೆ ಮಾಲರಿ ಬಹಳ ತೊಳಲಾಡಿದರು. ವಿಶ್ವವಿದ್ಯಾಲಯ ರಜೆ ನೀಡಿದ ನಂತರ ಒಪ್ಪಿದರು.

1924ರ ಯಾತ್ರೆ

ಮೂರನೆಯ ಯಾತ್ರೆಯ ನಾಯಕ ಚಾರ್ಲ್ಸ್ ಬ್ರೂಸ್ ಮಲೇರಿಯಾದಿಂದ ದಾರಿಯಲ್ಲೇ ಹಿಂದಿರುಗಿದ ಕಾರಣ ನಾರ್ಟನ್ ನಾಯಕತ್ವ ವಹಿಸಿದರು. ಆರೋಹಣದ ಹೊಣೆಯನ್ನು ಮಾಲರಿಯವರಿಗೆ ಒಪ್ಪಿಸಲಾಯಿತು. ಏಪ್ರಿಲ್ ಕೊನೆಯಲ್ಲಿ ತಂಡವು ರೋಂಗ್‌ಬುಕ್‌ನ ಮೂಲಶಿಬಿರ ತಲುಪಿತು. ಮೇ ಮೂರನೆಯ ವಾರದೊಳಗೆ ಶಿಖರವನ್ನು ಪ್ರಯತ್ನಿಸಬೇಕೆಂಬ ಯೋಜನೆ ಸಿದ್ಧವಾಗಿತ್ತು.

ಯೋಜನೆ ಮೊದಲ ವಾರದಲ್ಲಿಯೇ ಮುರಿಯಿತು. ಮೇ 5ರಂದು ಮಾಲರಿ ಹೊರೆಯಾಳುಗಳ ಮೊದಲ ಗುಂಪಿನೊಂದಿಗೆ ಮೂರನೆಯ ಶಿಬಿರ ತಲುಪಿದರು. ಸುಮಾರು 6,400 ಮೀಟರ್ ಎತ್ತರದ ಆ ಶಿಬಿರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಹೊದಿಕೆ ಮತ್ತು ಆಹಾರದ ಹೊರೆಗಳು ಇನ್ನೂ ಹಿಂದೆಯೇ ಇದ್ದವು. ಹೊರೆಯಾಳುಗಳಲ್ಲಿ ಅನೇಕರು ವಾಂತಿ, ತಲೆನೋವು ಮತ್ತು ಹಿಮಕಡಿತದಿಂದ ಬಳಲಿದರು. ಮರುದಿನ ಬೆಳಗ್ಗೆ ಮಾಲರಿ ಸಾಮಗ್ರಿ ತರಲು ತಾವೇ ಕೆಳಗಿಳಿದು, ಎರಡನೆಯ ಗುಂಪನ್ನು ಎದುರುಗೊಂಡು ಮತ್ತೆ ಮೇಲೇರಿದರು.

ಮೇ 9ರಿಂದ ಎರಡನೆಯ ಬಿರುಗಾಳಿ ಬೀಸಿತು. ಗಾಳಿಯು ಹಿಮದ ಪುಡಿಯನ್ನು ಡೇರೆಯ ಸಂದುಗಳಿಂದ ಒಳಕ್ಕೆ ನುಗ್ಗಿಸಿ ಹಾಸಿಗೆಯ ಮೇಲೆಲ್ಲ ಹರಡುತ್ತಿತ್ತು. ಒಲೆ ಹೊತ್ತಿಸುವುದೂ ಪ್ರಯಾಸದ ಕೆಲಸವಾಗಿತ್ತು. ಇಂತಹ ಸಂಜೆಗಳಲ್ಲಿ ಮಾಲರಿ ತಮ್ಮೊಂದಿಗೆ ತಂದಿದ್ದ ರಾಬರ್ಟ್ ಬ್ರಿಜಸ್ ಸಂಪಾದಿತ ‘ದಿ ಸ್ಪಿರಿಟ್ ಆಫ್ ಮ್ಯಾನ್’ ಎಂಬ ಸಂಕಲನದಿಂದ ಕವಿತೆಗಳನ್ನು ಸಂಗಾತಿಗಳಿಗೆ ಓದಿ ಹೇಳುತ್ತಿದ್ದರು. ಆಕ್ಸ್‌ಫರ್ಡ್‌ನ ವಿದ್ಯಾರ್ಥಿಯಾಗಿದ್ದ 22 ವರ್ಷದ ಅರ್ವಿನ್ ಡೇರೆಯೊಳಗೆ ಕುಳಿತು ಆಮ್ಲಜನಕದ ಸಲಕರಣೆ ಮತ್ತು ಒಲೆಗಳನ್ನು ಸರಿಪಡಿಸುತ್ತಿದ್ದರು. ಕೊನೆಯ ಆರೋಹಣಕ್ಕೆ ಮಾಲರಿ ಅವರನ್ನು ಆರಿಸಿಕೊಳ್ಳಲು ಈ ಯಂತ್ರಕೌಶಲವೂ ಒಂದು ಕಾರಣವೆಂದು ಹೇಳಲಾಗುತ್ತದೆ.

ಮೇ 11ರಂದು ನಾರ್ಟನ್ ಎಲ್ಲರನ್ನೂ ಕೆಳಗಿಳಿಯುವಂತೆ ಆದೇಶಿಸಿದರು. ಈ ಅವಧಿಯಲ್ಲಿ ಮೆದುಳಿನ ರಕ್ತಸ್ರಾವದಿಂದ ಗೂರ್ಖಾ ಸೈನಿಕನೊಬ್ಬನೂ ತೀವ್ರ ಹಿಮಕಡಿತಕ್ಕೆ ಒಳಗಾದ ಚಮ್ಮಾರನೊಬ್ಬನೂ ಮೃತಪಟ್ಟರು. ಮೇ 15ರಂದು ತಂಡದವರು ರೋಂಗ್‌ಬುಕ್ ಮಠಕ್ಕೆ ತೆರಳಿ ಅಲ್ಲಿನ ಲಾಮಾ ಅವರ ಆಶೀರ್ವಾದ ಪಡೆದರು. ಎರಡು ಬಿರುಗಾಳಿಗಳಿಂದ ಕುಗ್ಗಿದ್ದ ಹೊರೆಯಾಳುಗಳಿಗೆ ಇದು ಧೈರ್ಯ ತುಂಬಿತು.

ನಾರ್ತ್ ಕೋಲ್‌ನಲ್ಲಿ ಸಿಲುಕಿದ ನಾಲ್ವರು

ಮೇ 20ರಂದು ಮಾಲರಿ ಮತ್ತು ನಾರ್ಟನ್ ನಾರ್ತ್ ಕೋಲ್‌ಗೆ ಹೊಸ ದಾರಿ ನಿರ್ಮಿಸಿದರು. ಮರುದಿನ ಜಾನ್ ಹ್ಯಾಜರ್ಡ್ ಹನ್ನೆರಡು ಹೊರೆಯಾಳುಗಳೊಂದಿಗೆ ಅಲ್ಲಿನ ನಾಲ್ಕನೆಯ ಶಿಬಿರದಲ್ಲಿ ಉಳಿದರು. ಕೂಡಲೇ ಹಿಮಪಾತ ಆರಂಭವಾಯಿತು. ಮೇ 23ರಂದು ಹ್ಯಾಜರ್ಡ್ ಕೆಳಗಿಳಿದಾಗ ಎಂಟು ಮಂದಿ ಮಾತ್ರ ಜೊತೆಯಲ್ಲಿದ್ದರು. ಹೊಸ ಹಿಮದ ಇಳಿಜಾರಿಗೆ ಹೆದರಿ ನಾಲ್ವರು ಮೇಲೆಯೇ ಉಳಿದಿದ್ದರು.

ಹಿಮ ಇನ್ನೂ ಬೀಳುತ್ತಿತ್ತು. ಹಿಮ ಗಟ್ಟಿಯಾಗುವವರೆಗೆ ಕಾದರೆ ಮೇಲಿದ್ದವರು ಬದುಕುವುದು ಸಂದೇಹವಾಗಿತ್ತು; ಕಾಯದೆ ಹೋದರೆ ಎರಡು ವರ್ಷಗಳ ಹಿಂದೆ ಏಳು ಮಂದಿಯನ್ನು ಬಲಿ ತೆಗೆದುಕೊಂಡ ಅದೇ ಇಳಿಜಾರನ್ನು ಅದೇ ಸ್ಥಿತಿಯಲ್ಲಿ ಏರಬೇಕಾಗಿತ್ತು. ಮೇ 24ರಂದು ನಾರ್ಟನ್, ಮಾಲರಿ ಮತ್ತು ಸೋಮರ್ವೆಲ್ ಹೊರಟರು. ಮೂವರಿಗೂ ಆಗಲೇ ಕೆಮ್ಮು ಹಾಗೂ ಗಂಟಲುನೋವು ಇತ್ತು. ಶಿಬಿರದ ಕೆಳಗಿನ ಅಪಾಯಕಾರಿ ಭಾಗವನ್ನು ಸೋಮರ್ವೆಲ್ ಹಗ್ಗದ ತುದಿಯಲ್ಲಿ ಅಡ್ಡಲಾಗಿ ದಾಟಿದರು. ನಾರ್ಟನ್ ಮತ್ತು ಮಾಲರಿ ಹಗ್ಗವನ್ನು ಹಿಡಿದು ನಿಂತರು. ಹಗ್ಗ ಕೆಲವು ಮೀಟರುಗಳಷ್ಟು ಸಾಲದೆ ಹೋಯಿತು. ಹೊರೆಯಾಳುಗಳಲ್ಲಿ ಇಬ್ಬರು ದಾಟಿ ಬಂದರು. ಉಳಿದ ಇಬ್ಬರು ಒಟ್ಟಿಗೆ ಹೊರಟಾಗ ಜಾರಿ, ಹಿಮದ ಅಂಚಿನ ಸಮೀಪದಲ್ಲಿ ನಿಂತುಕೊಂಡರು. ಸೋಮರ್ವೆಲ್ ತಮ್ಮ ಸೊಂಟದ ಹಗ್ಗವನ್ನು ಬಿಚ್ಚಿ, ಅದರ ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಚಾಚಿ ಇಬ್ಬರನ್ನೂ ಒಬ್ಬೊಬ್ಬರಾಗಿ ಸುರಕ್ಷಿತ ಸ್ಥಳಕ್ಕೆ ಎಳೆದುಕೊಂಡರು. ನಾಲ್ವರೂ ಬದುಕುಳಿದರು.

ಈ ರಕ್ಷಣಾ ಕಾರ್ಯಕ್ಕೆ ತಂಡದ ಅತ್ಯಂತ ಸಮರ್ಥ ಆರೋಹಿಗಳ ಶಕ್ತಿ ವ್ಯಯವಾಯಿತು. ಮತ್ತೊಮ್ಮೆ ಎಲ್ಲರೂ ಕೆಳಗಿಳಿದರು. 55 ಹೊರೆಯಾಳುಗಳಲ್ಲಿ ಎತ್ತರಕ್ಕೆ ಹೋಗಲು ಸಮರ್ಥರಾಗಿ ಉಳಿದವರು 15 ಮಂದಿ. ಸೋಮರ್ವೆಲ್ ಈ ಯಾತ್ರೆಯ ನಂತರ ದಕ್ಷಿಣ ಭಾರತದ ತಿರುವಾಂಕೂರು ಸಂಸ್ಥಾನದ ನೆಯ್ಯೂರಿನ ಆಸ್ಪತ್ರೆಯಲ್ಲಿ ದೀರ್ಘಕಾಲ ವೈದ್ಯರಾಗಿ ಸೇವೆ ಸಲ್ಲಿಸಿದರು.

ಕೊನೆಯ ಪ್ರಯತ್ನಗಳು

ಮೇ ಕೊನೆಯಲ್ಲಿ ಹವೆ ತಿಳಿಯಾಯಿತು. ಮುಂಗಾರು ಯಾವ ದಿನವೂ ಬರಬಹುದೆಂಬ ಆತಂಕದಲ್ಲಿ ಯೋಜನೆಯನ್ನು ಸರಳಗೊಳಿಸಿ, ಆಮ್ಲಜನಕವಿಲ್ಲದೆ ಇಬ್ಬಿಬ್ಬರ ಎರಡು ಪ್ರಯತ್ನಗಳನ್ನು ನಡೆಸಲು ತೀರ್ಮಾನಿಸಲಾಯಿತು. ಜೂನ್ 1ರಂದು ಮಾಲರಿ ಮತ್ತು ಜೆಫ್ರಿ ಬ್ರೂಸ್ ನಾರ್ತ್ ಕೋಲ್‌ನಿಂದ ಹೊರಟು ಐದನೆಯ ಶಿಬಿರವನ್ನು ಸ್ಥಾಪಿಸಿದರು. ತೀವ್ರ ಗಾಳಿಯಿಂದ ಬಳಲಿದ ಹೊರೆಯಾಳುಗಳು ಮುಂದೆ ಹೋಗಲಾರದೆ ಮರುದಿನ ಅವರು ಹಿಂದಿರುಗಿದರು. ಜೂನ್ 4ರಂದು ನಾರ್ಟನ್ ಮತ್ತು ಸೋಮರ್ವೆಲ್ ಆರನೆಯ ಶಿಬಿರದಿಂದ ಮೇಲೇರಿದರು. ಗಂಟಲಿನ ತೊಂದರೆಯಿಂದ ಸೋಮರ್ವೆಲ್ ನಿಂತ ಮೇಲೆ ನಾರ್ಟನ್ ಒಬ್ಬರೇ ಮುಂದುವರಿದು ಸುಮಾರು 8,570 ಮೀಟರ್ ತಲುಪಿ ಹಿಂದಿರುಗಿದರು. ಆ ರಾತ್ರಿ ಅವರು ಹಿಮಕುರುಡಿಗೆ ಒಳಗಾದರು.

ಮಾಲರಿ ಮತ್ತೊಂದು ಪ್ರಯತ್ನಕ್ಕೆ, ಈ ಬಾರಿ ಆಮ್ಲಜನಕದೊಂದಿಗೆ, ಅರ್ವಿನ್‌ರನ್ನು ಆರಿಸಿಕೊಂಡರು. ಜೂನ್ 6ರಂದು ಇಬ್ಬರೂ ಹೊರೆಯಾಳುಗಳೊಂದಿಗೆ ನಾರ್ತ್ ಕೋಲ್‌ನಿಂದ ಹೊರಟು, ಜೂನ್ 7ರಂದು ಸುಮಾರು 8,170 ಮೀಟರ್ ಎತ್ತರದ ಆರನೆಯ ಶಿಬಿರ ತಲುಪಿದರು. ಹಿಂದಿರುಗಿದ ಹೊರೆಯಾಳುಗಳ ಮೂಲಕ ಮಾಲರಿ ಎರಡು ಚಿಕ್ಕ ಪತ್ರಗಳನ್ನು ಕಳುಹಿಸಿದರು. ದಿಕ್ಸೂಚಿಯನ್ನು ಮರೆತುಬಂದಿರುವುದನ್ನೂ ಒಲೆಯೊಂದು ಇಳಿಜಾರಿನಲ್ಲಿ ಉರುಳಿಹೋದುದನ್ನೂ ತಿಳಿಸಿ, ಹವೆ ಆರೋಹಣಕ್ಕೆ ಅನುಕೂಲವಾಗಿದೆಯೆಂದು ಅವುಗಳಲ್ಲಿ ಬರೆದಿದ್ದರು.

ಜೂನ್ 8ರಂದು ಅವರ ಹಿಂದೆ ಒಬ್ಬರೇ ಏರುತ್ತಿದ್ದ ಭೂವಿಜ್ಞಾನಿ ನೋಯೆಲ್ ಓಡೆಲ್, ಮಧ್ಯಾಹ್ನ 12:50ಕ್ಕೆ ಮೋಡ ಕ್ಷಣಕಾಲ ಸರಿದಾಗ ಶಿಖರದ ಏಣಿನ ಮೇಲೆ ಎರಡು ಕಪ್ಪು ಚುಕ್ಕೆಗಳು ಚಲಿಸುತ್ತಿರುವುದನ್ನು ಕಂಡರು. ಕೂಡಲೇ ಮೋಡ ಮುಚ್ಚಿತು. ಸುಮಾರು 2 ಗಂಟೆಗೆ ಓಡೆಲ್ ಆರನೆಯ ಶಿಬಿರ ತಲುಪಿದಾಗ ಗಾಳಿ ಮತ್ತು ಹಿಮಪಾತ ಆರಂಭವಾಗಿತ್ತು. ಮಂಜಿನಲ್ಲಿ ಇಬ್ಬರೂ ಡೇರೆಯ ದಾರಿ ತಪ್ಪಬಹುದೆಂದು ಅವರು ಸ್ವಲ್ಪ ಮೇಲೇರಿ ಸಿಳ್ಳೆ ಹಾಕಿ ಕೂಗಿದರು, ಉತ್ತರ ಬರಲಿಲ್ಲ. ಸಂಜೆ 4ರ ವೇಳೆಗೆ ಆಕಾಶ ತಿಳಿಯಾದರೂ ಏಣಿನ ಮೇಲೆ ಯಾರೂ ಕಾಣಲಿಲ್ಲ. ಇಬ್ಬರಿಗೆ ಮಾತ್ರ ಸ್ಥಳವಿದ್ದ ಡೇರೆಯನ್ನು ಅವರಿಗಾಗಿ ಬಿಟ್ಟು ಓಡೆಲ್ ನಾರ್ತ್ ಕೋಲ್‌ಗೆ ಇಳಿದರು. ಜೂನ್ 10ರಂದು ಮತ್ತೆ ಆರನೆಯ ಶಿಬಿರಕ್ಕೆ ಏರಿ, ಯಾವ ಕುರುಹೂ ಸಿಗದೆ, ಮಲಗುವ ಚೀಲಗಳನ್ನು ಹಿಮದ ಮೇಲೆ ಹಾಸಿ ಕೆಳಗಿನವರಿಗೆ ಸಂಕೇತ ನೀಡಿದರು. ನಾರ್ತ್ ಕೋಲ್‌ನಲ್ಲಿ ಶಿಲುಬೆಯಾಕಾರದಲ್ಲಿ ಹಾಸಿದ ಹೊದಿಕೆಗಳ ಮೂಲಕ ಆ ಸುದ್ದಿ ಮೂರನೆಯ ಶಿಬಿರವನ್ನು ತಲುಪಿತು.

ಮರಣಾನಂತರ

ಜೂನ್ ಮೂರನೆಯ ವಾರದಲ್ಲಿ ಸುದ್ದಿ ಇಂಗ್ಲೆಂಡನ್ನು ತಲುಪಿತು. ಆಗ ಮಾಲರಿಯವರ ಹಿರಿಯ ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು ವರ್ಷ. 1924ರ ಅಕ್ಟೋಬರ್ 17ರಂದು ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರದಲ್ಲಿ ಇಬ್ಬರಿಗೂ ಸ್ಮರಣಸಭೆ ನಡೆಯಿತು. ರೂತ್ ಮಾಲರಿ 1942ರಲ್ಲಿ ನಿಧನರಾದರು. ತಮ್ಮ ಟ್ರ್ಯಾಫರ್ಡ್ 1944ರ ನವೆಂಬರ್‌ನಲ್ಲಿ ಕೆಟ್ಟ ಹವೆಯ ನಡುವೆ ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಮೃತಪಟ್ಟರು.

1933ರ ಬ್ರಿಟಿಷ್ ಯಾತ್ರೆಯಲ್ಲಿ ಪರ್ಸಿ ವಿನ್-ಹ್ಯಾರಿಸ್ ಸುಮಾರು 8,460 ಮೀಟರ್ ಎತ್ತರದಲ್ಲಿ ಒಂದು ಹಿಮಗೊಡಲಿಯನ್ನು ಕಂಡರು. ಅದು ಅರ್ವಿನ್‌ರದೆಂದು ನಂಬಲಾಗಿದೆ. 1999ರ ಮೇ 1ರಂದು ಶೋಧನಾ ತಂಡದ ಕಾನ್ರಾಡ್ ಆಂಕರ್ ಸುಮಾರು 8,155 ಮೀಟರ್ ಎತ್ತರದಲ್ಲಿ ಮಾಲರಿಯವರ ದೇಹವನ್ನು ಪತ್ತೆಹಚ್ಚಿದರು. ಬಲಗಾಲು ಮುರಿದಿತ್ತು; ಸೊಂಟದಲ್ಲಿ ತುಂಡಾದ ಹಗ್ಗ ಮತ್ತು ಅದು ಬಿಗಿದ ಗುರುತುಗಳಿದ್ದವು. ಇದರಿಂದ ಇಬ್ಬರೂ ಒಂದೇ ಹಗ್ಗದಲ್ಲಿದ್ದಾಗ ಬಿದ್ದಿರಬೇಕೆಂದು ಊಹಿಸಲಾಗಿದೆ. ಹಿಮಕನ್ನಡಕ ಜೇಬಿನಲ್ಲಿದ್ದುದರಿಂದ ಅವರು ಸಂಜೆಗತ್ತಲಿನಲ್ಲಿ ಇಳಿಯುತ್ತಿದ್ದಿರಬಹುದೆಂಬ ವಾದವಿದೆ. ಶಿಖರದಲ್ಲಿ ಇಡುವುದಾಗಿ ಮಾಲರಿ ಹೇಳಿದ್ದರೆನ್ನಲಾದ ಪತ್ನಿಯ ಭಾವಚಿತ್ರ ದೇಹದ ಬಳಿ ಇರಲಿಲ್ಲ. ಪ್ರಶ್ನೆಯನ್ನು ಬಗೆಹರಿಸಬಹುದಾದ ಕ್ಯಾಮರಾ ಕೂಡ ದೊರೆಯಲಿಲ್ಲ. ಶೋಧಕರು ದೇಹವನ್ನು ಅಲ್ಲಿಯೇ ಕಲ್ಲುಗಳಿಂದ ಮುಚ್ಚಿ ಪ್ರಾರ್ಥನೆ ಸಲ್ಲಿಸಿದರು. 2024ರಲ್ಲಿ ರೋಂಗ್‌ಬುಕ್ ಹಿಮನದಿಯ ಮೇಲೆ ಅರ್ವಿನ್‌ರ ಹೆಸರಿನ ಪಟ್ಟಿಯಿದ್ದ ಕಾಲುಚೀಲ ಮತ್ತು ಬೂಟಿನೊಂದಿಗೆ ಪಾದವೊಂದು ಪತ್ತೆಯಾಯಿತು.

ಜೂನ್ 8ರ ಬಿರುಗಾಳಿಯ ಮರುಪರಿಶೀಲನೆ

ಓಡೆಲ್ ಆ ಮಧ್ಯಾಹ್ನದ ಹಿಮಪಾತವನ್ನು ಎರಡು ಗಂಟೆಗಳ ಅಲ್ಪಕಾಲದ ಘಟನೆಯಾಗಿ ವರ್ಣಿಸಿದ್ದ ಕಾರಣ ಇತಿಹಾಸಕಾರರು ಅದಕ್ಕೆ ಹೆಚ್ಚಿನ ಮಹತ್ವ ನೀಡಿರಲಿಲ್ಲ. 1924ರ ಯಾತ್ರೆಯ ಹವಾಮಾನ ದಾಖಲೆಗಳನ್ನು ಸೋಮರ್ವೆಲ್ ಸಂಕಲಿಸಿ 1926ರಲ್ಲಿ ಪ್ರಕಟಿಸಿದ್ದರು. ಅವುಗಳನ್ನು ಕೆನಡಾದ ಸಂಶೋಧಕ ಕೆಂಟ್ ಮೂರ್ ಮತ್ತು ಸಹವರ್ತಿಗಳು ಮತ್ತೆ ಅಧ್ಯಯನ ಮಾಡಿ 2010ರಲ್ಲಿ ಪ್ರಬಂಧ ಪ್ರಕಟಿಸಿದರು. ಮಾಲರಿ ಮತ್ತು ಅರ್ವಿನ್ ಮೇಲಿದ್ದ ಹೊತ್ತಿನಲ್ಲಿ ಮೂಲಶಿಬಿರದ ವಾಯುಭಾರವು ಸುಮಾರು 18 ಮಿಲಿಬಾರ್‌ನಷ್ಟು ಕುಸಿದಿತ್ತೆಂದು ಅವರು ತೋರಿಸಿದರು. ಇಂತಹ ಕುಸಿತವು ತೀವ್ರ ಬಿರುಗಾಳಿಯ ಸೂಚನೆ. ಶಿಖರದ ಸಮೀಪದಲ್ಲಿ ಒತ್ತಡ ಇಳಿದರೆ ಉಸಿರಾಡಲು ಸಿಗುವ ಆಮ್ಲಜನಕವೂ ಕಡಿಮೆಯಾಗುತ್ತದೆ; ಆಮ್ಲಜನಕದ ಸಿಲಿಂಡರ್ ಬರಿದಾಗಿದ್ದ ಆರೋಹಿಗಳಿಗೆ ಇದು ಪ್ರಾಣಾಂತಿಕವಾಗಬಹುದು. ಆ ಎತ್ತರದಲ್ಲಿ ಬಿರುಗಾಳಿ ಹಿಡಿದಾಗ ಕಾದು ಕುಳಿತುಕೊಳ್ಳಲು ಅವರ ಬಳಿ ಡೇರೆಯಾಗಲಿ ಒಲೆಯಾಗಲಿ ಇರಲಿಲ್ಲ.

ಸ್ಮರಣೆ

1921 ಮತ್ತು 1922ರ ಯಾತ್ರೆಗಳ ಅಧಿಕೃತ ಗ್ರಂಥಗಳಲ್ಲಿ ಮಾಲರಿ ಬರೆದ ಅಧ್ಯಾಯಗಳು ಪರ್ವತಾರೋಹಣ ಸಾಹಿತ್ಯದಲ್ಲಿ ಮುಖ್ಯವೆನಿಸಿವೆ. ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜು ಅವರ ಪತ್ರಗಳನ್ನು ಸಂರಕ್ಷಿಸಿದೆ. 1921ರಲ್ಲಿ ಅವರು ಮೊದಲು ತಲುಪಿದ ನಾರ್ತ್ ಕೋಲ್, ಟಿಬೆಟ್ ಕಡೆಯಿಂದ ಎವರೆಸ್ಟ್ ಏರುವವರ ಮುಖ್ಯ ದಾರಿಯಾಗಿ ಇಂದಿಗೂ ಬಳಕೆಯಲ್ಲಿದೆ. ಅವರ ಮೊಮ್ಮಗ, ಅದೇ ಹೆಸರಿನ ಜಾರ್ಜ್ ಮಾಲರಿ, 1995ರ ಮೇ ತಿಂಗಳಲ್ಲಿ ಆ ಉತ್ತರದ ದಾರಿಯಿಂದಲೇ ಎವರೆಸ್ಟ್ ಶಿಖರವನ್ನು ತಲುಪಿದರು.